ಬಲೆಯ ಕಡಲಿನಿಂದ ಭಾನುವಾರದ ಕಡಲಿಗೆ

ಜನವರಿಯ ಭಾನುವಾರ, ಸಂಜೆ ನಾಲ್ಕೂವರೆ. ಪಡುಬಿದ್ರಿಯ ಎಂಡ್ ಪಾಯಿಂಟ್‌ನಲ್ಲಿ ಬಿಸಿಲು ಇನ್ನೂ ಚುರುಕಾಗಿದೆ. ಐದಾರು ವರ್ಷದ ಹುಡುಗಿಯೊಬ್ಬಳು ಒದ್ದೆ ಮರಳಿನಲ್ಲಿ ಗುಂಡಿ ತೋಡುತ್ತಿದ್ದಾಳೆ. ತೋಡಿದಷ್ಟೂ ಅಡಿಯಿಂದ ನೀರು ಒಸರುತ್ತದೆ, ಅಂಚು ಕುಸಿಯುತ್ತದೆ, ಅವಳು ಮತ್ತೆ ತೋಡುತ್ತಾಳೆ. ಪಕ್ಕದಲ್ಲಿ ಅವಳ ಅಜ್ಜಿ ಸೀರೆಯ ನೆರಿಗೆ ಎತ್ತಿ ಹಿಡಿದು ಪಾದಕ್ಕೆ ಅಲೆ ತಾಗಿಸಿಕೊಳ್ಳುತ್ತಾ ನಿಂತಿದ್ದಾರೆ. ಅಮ್ಮ ಸ್ವಲ್ಪ ಹಿಂದೆ ಚಾಪೆಯ ಮೇಲೆ ಅವಲಕ್ಕಿಯ ಡಬ್ಬಿ ಬಿಚ್ಚುತ್ತಿದ್ದಾಳೆ. ಕಾವಲು ಗೋಪುರದ ಮೇಲಿರುವ ಜೀವರಕ್ಷಕನ ಕಣ್ಣು ಮಾತ್ರ ನೀರಿನಿಂದ ಕದಲುತ್ತಿಲ್ಲ.

ಮೂರು ತಲೆಮಾರು ಒಂದೇ ಮರಳಿನ ಮೇಲೆ, ಯಾವ ಕೆಲಸವೂ ಇಲ್ಲದೆ, ಬರೀ ಖುಷಿಗೆಂದು ಬಂದು ಕೂತಿದೆ. ಇಂದಿನ ಮಕ್ಕಳಿಗೆ ಇದರಲ್ಲಿ ವಿಶೇಷವೇನೂ ಕಾಣಿಸದು. ಆದರೆ ಕಡಲ ಸದ್ದು ಕೇಳುತ್ತಲೇ ಬೆಳೆದ ನನಗೆ ಇದು ಈಗಲೂ ಸೋಜಿಗ. ನಮ್ಮ ಬಾಲ್ಯದಲ್ಲಿ ಕಡಲಿಗೆ ಹೋಗುವುದಕ್ಕೆ ಒಂದು ಕಾರಣ ಬೇಕಿತ್ತು. ‘ಕಡಲಿಗೆ ಬೆನ್ನು ಹಾಕ್ಬಾರ್ದು ಮಗಾ’ ಎಂದು ಅಜ್ಜಿ ಹೇಳುತ್ತಿದ್ದದ್ದು ಭಕ್ತಿಯಿಂದಲೂ ಹೌದು, ಭಯದಿಂದಲೂ ಹೌದು. ಹಾಗಿದ್ದ ಕಡಲು ಮನೆಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ಬರುವ ಜಾಗವಾಗಿದ್ದು ಹೇಗೆ? ಈ ಪ್ರಶ್ನೆಯ ಬೆನ್ನು ಹತ್ತಿದರೆ ಕರಾವಳಿಯ ಬದುಕೇ ಕಣ್ಣಮುಂದೆ ಬರುತ್ತದೆ.

ಕೆಲಸದ ಅಂಗಳ

ಕರಾವಳಿಯ ಹಳ್ಳಿಗಳಿಗೆ ಮರಳ ದಂಡೆ ಮೊದಲಿಗೆ ಕೆಲಸದ ಅಂಗಳ. ದೋಣಿ ಎಳೆದಿಡುವುದು ಅಲ್ಲಿ, ಬಲೆ ಹೆಣೆಯುವುದು ಅಲ್ಲಿ, ಮೀನು ಒಣಗಿಸುವುದೂ ಅಲ್ಲೇ. ಆ ಅಂಗಳದ ದೊಡ್ಡ ನೋಟವೆಂದರೆ ರಂಪಣಿ. ದೋಣಿಯಲ್ಲಿ ಬಲೆಯನ್ನು ಕೊಂಡೊಯ್ದು ಮೀನಿನ ಹಿಂಡಿನ ಸುತ್ತ ಅರ್ಧಚಂದ್ರಾಕಾರದಲ್ಲಿ ಬಿಟ್ಟು, ಎರಡೂ ತುದಿಯ ಹಗ್ಗ ಹಿಡಿದು ದಡದಿಂದ ಎಳೆಯುವುದು ಇದರ ಕ್ರಮ. ಬಲೆ ಒಬ್ಬನ ಸ್ವತ್ತಾಗಿರಲಿಲ್ಲ. ಒಂದೊಂದು ಮನೆ ತನ್ನ ಪಾಲಿನ ತುಂಡು ತಂದು ಸೇರಿಸಿದಾಗ ರಂಪಣಿ ಪೂರ್ತಿಯಾಗುತ್ತಿತ್ತು. ಎಳೆಯಲು ಹತ್ತಾರು ಕೈ ಬೇಕಿತ್ತು. ಬಂದ ಬಂಗುಡೆ, ಬೂತಾಯಿಯೂ ಪಾಲಿನ ಲೆಕ್ಕದಲ್ಲೇ ಹಂಚಿಕೆಯಾಗುತ್ತಿತ್ತು.

1970ರ ದಶಕದ ನಡುವಿನಲ್ಲಿ, ಹಿಂಡನ್ನು ಕಡಲಲ್ಲೇ ಬಲೆಯಿಂದ ಸುತ್ತುವರಿದು ಹಿಡಿಯುವ ಪರ್ಸೀನ್ ದೋಣಿಗಳು ಬಂದವು. ಹಿಂಡು ದಡಕ್ಕೆ ಬರುವ ಮೊದಲೇ ಆಳದಲ್ಲಿ ಬಲೆಗೆ ಬೀಳತೊಡಗಿತು. ದೊಡ್ಡ ರಂಪಣಿಗಳು ಒಂದೊಂದಾಗಿ ಮಡಚಿಕೊಂಡವು. ಉಳಿದದ್ದು ಅದರ ಚಿಕ್ಕ ರೂಪವಾದ ಕೈರಂಪಣಿ. ಇಂದು ಬೆಳಿಗ್ಗೆ ಬೇಗ ದಡಕ್ಕೆ ಹೋದವರಿಗೆ ಕೈರಂಪಣಿ ಎಳೆಯುವುದನ್ನು ಕಾಣುವ ಭಾಗ್ಯವಿದೆ. ನಾನು ಮೊದಲು ಕಡಲಲ್ಲಿ ಆಡಿದ್ದು ಆ ಹಗ್ಗ ಹಿಡಿದೇ. ಸಣ್ಣವರ ಕೈಬಲದಿಂದ ಬಲೆ ಒಂದಿಂಚೂ ಮುಂದೆ ಬರುತ್ತಿರಲಿಲ್ಲವೇನೋ, ಆದರೂ ಯಾರೂ ನಮ್ಮನ್ನು ದೂರ ನಿಲ್ಲಿಸಲಿಲ್ಲ. ಕೊನೆಗೆ ಒಂದು ಹಿಡಿ ಸಣ್ಣ ಮೀನು ಕೈಗೆ ಬೀಳುತ್ತಿತ್ತು. ದುಡಿಮೆಯ ನಡುವೆಯೇ ಮಕ್ಕಳಿಗೆ ಆಟ ಸಿಗುತ್ತಿತ್ತು.

ತೀರ್ಥಸ್ನಾನದ ದಿನ

ಮೀನುಗಾರಿಕೆಯಲ್ಲಿ ಇಲ್ಲದ ಕುಟುಂಬಗಳನ್ನು ಕಡಲಿಗೆ ಕರೆತಂದದ್ದು ಪಂಚಾಂಗ. ಎಳ್ಳಮಾವಾಸ್ಯೆಯಂದು ಸಮುದ್ರಸ್ನಾನಕ್ಕೆ ಒಳನಾಡಿನ ಹಳ್ಳಿಗಳಿಂದಲೂ ಜನ ಬರುತ್ತಾರೆ. ಒಂದು ಬದಿಗೆ ಅರಬ್ಬಿ ಸಮುದ್ರ, ಮತ್ತೊಂದು ಬದಿಗೆ ಸೌಪರ್ಣಿಕಾ ನದಿ ಇರುವ ಮರವಂತೆಯಲ್ಲಿ ಕರ್ಕಾಟಕ ಅಮಾವಾಸ್ಯೆಯಂದು ಜಾತ್ರೆ. ಅಂದು ನದಿಯಲ್ಲೂ ಕಡಲಲ್ಲೂ ಮಿಂದು ವರಾಹಸ್ವಾಮಿಯ ದರ್ಶನ ಮಾಡುವುದು ವಾಡಿಕೆ. ಮಳೆಗಾಲದ ಅಬ್ಬರ ತಗ್ಗುವಾಗ, ಶ್ರಾವಣದ ಹುಣ್ಣಿಮೆಯ ಹೊತ್ತಿಗೆ, ಮೀನುಗಾರ ಸಮುದಾಯದ ಮೊಗವೀರರು ಹಾಲು, ತೆಂಗಿನಕಾಯಿ ಅರ್ಪಿಸಿ ಸಮುದ್ರ ಪೂಜೆ ಮಾಡುತ್ತಾರೆ.

ಈ ದಿನಗಳನ್ನು ಮರೆತರೆ ಇಂದಿನ ಭಾನುವಾರದ ಕಡಲು ಅರ್ಥವಾಗುವುದಿಲ್ಲ. ಅಜ್ಜ, ಅಜ್ಜಿ, ಸೊಸೆ, ಮೊಮ್ಮಕ್ಕಳು ಒಟ್ಟಾಗಿ ನೀರಿಗಿಳಿಯುವ ಅಭ್ಯಾಸ ನಮಗೆ ಬಂದದ್ದು ತೀರ್ಥಸ್ನಾನದಿಂದ. ಹಿರಿಯರ ಕೈಹಿಡಿದು ಮೂರು ಮುಳುಗು ಹಾಕಿ, ಮೇಲೆ ಬಂದು ಕಡಲೆಕಾಯಿ ತಿನ್ನುತ್ತಾ ಅಲೆ ಎಣಿಸಿದ ಮಕ್ಕಳೇ ಮುಂದೆ ದೊಡ್ಡವರಾಗಿ ತಮ್ಮ ಮಕ್ಕಳನ್ನು ಕರೆತಂದರು.

ದಾರಿ ತೆರೆಯಿತು, ದಡ ಸೊರಗಿತು

ದೂರದವರು ಹೆಚ್ಚಾಗಿ ಬರತೊಡಗಿದ್ದು ದಾರಿ ಸುಗಮವಾದ ಮೇಲೆ. ನದಿಗಳಿಗೆ ಸೇತುವೆಯಾಗಿ, ಹೆದ್ದಾರಿ ಅಗಲವಾಗಿ, 1998ರ ಜನವರಿ 26ರಂದು ಕೊಂಕಣ ರೈಲು ಪೂರ್ಣ ಮಾರ್ಗದಲ್ಲಿ ಓಡತೊಡಗಿದ ಮೇಲೆ ಘಟ್ಟದ ಮೇಲಿನ ಶಾಲೆಗಳ ಪ್ರವಾಸಪಟ್ಟಿಯಲ್ಲಿ ಮಲ್ಪೆ, ಮುರ್ಡೇಶ್ವರ, ಗೋಕರ್ಣ ಕಾಯಂ ಆದವು. ಕಡಲನ್ನು ಎಂದೂ ಕಾಣದ ಮಕ್ಕಳು ಬಸ್ಸಿನ ಕಿಟಕಿಯಿಂದ ಮೊದಲ ಸಲ ನೀಲಿ ಗೆರೆ ಕಂಡು ಕೂಗಿಕೊಳ್ಳುವುದನ್ನು ನಾನು ಎಷ್ಟೋ ಸಲ ಕೇಳಿದ್ದೇನೆ.

ಜನ ಬಂದರು, ಆದರೆ ಅವರನ್ನು ನಿಭಾಯಿಸುವ ವ್ಯವಸ್ಥೆ ಬರಲಿಲ್ಲ. ಬಟ್ಟೆ ಬದಲಿಸಲು ಮರೆಯಿಲ್ಲ, ಹೆಂಗಸರಿಗೆ ಶೌಚಾಲಯವಿಲ್ಲ, ಮರಳಿನಲ್ಲಿ ಬಾಟಲಿ ಚೂರು. ನನ್ನ ಸೋದರತ್ತೆ ಒಮ್ಮೆ ದಡಕ್ಕೆ ಹೋಗುವ ದಿನ ಬೆಳಗಿನಿಂದ ನೀರೇ ಕುಡಿಯದೆ ಕೂತಿದ್ದರು. ಕಾರಣ ಕೇಳಿದರೆ, ‘ಅಲ್ಲಿ ಹೋಗುವುದೆಲ್ಲಿಗೆ?’ ಎಂದಿದ್ದರು. ಹೆಂಗಸರು ನಿಶ್ಚಿಂತೆಯಿಂದ ಕೂರಲಾಗದ ಜಾಗಕ್ಕೆ ಕುಟುಂಬ ಬರುವುದಿಲ್ಲ. ಅಷ್ಟು ಸಣ್ಣ ಸತ್ಯ ಅರಿವಾಗಲು ನಮಗೆ ಬಹಳ ವರ್ಷ ಹಿಡಿಯಿತು.

ಅದಕ್ಕಿಂತ ದೊಡ್ಡ ಕೊರತೆ ಸುರಕ್ಷತೆಯದು. ಅಲೆಗಳು ದಡಕ್ಕೆ ತಳ್ಳಿದ ನೀರು ಹಿಂತಿರುಗಲೇಬೇಕಷ್ಟೆ. ಕೆಲವೆಡೆ ಅದು ಮರಳದಿಣ್ಣೆಗಳ ನಡುವಿನ ಕಿರಿದಾದ ದಾರಿಯಲ್ಲಿ ರಭಸದಿಂದ ಮರಳುತ್ತದೆ. ಅದೇ ಸೆಳವು. ನೋಡುವವರಿಗೆ ಆ ಜಾಗದಲ್ಲಿ ಅಲೆ ಒಡೆಯದೆ ನೀರು ಶಾಂತವಾಗಿ ಕಾಣುತ್ತದೆ. ಈಜಬಲ್ಲವರೂ ಅಲ್ಲೇ ಮೋಸಹೋಗುತ್ತಾರೆ. ಸೆಳವಿಗೆ ಸಿಕ್ಕವರು ದಡದ ಕಡೆಗೆ ಎದುರೀಜಿ ಸೋಲಬಾರದು, ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ ಹೊರಬರಬೇಕು. ಮೀನುಗಾರರ ಮಕ್ಕಳಿಗೆ ಗೊತ್ತಿದ್ದ ಇಂಥ ಅರಿವು ಬಸ್ಸಿನಿಂದಿಳಿದು ನೇರ ನೀರಿಗೆ ಓಡುವವರಿಗೆ ಗೊತ್ತಿರಲಿಲ್ಲ. ಕಡಲತೀರಕ್ಕೆ ಹೋದವರ ಸಾವಿನ ಸುದ್ದಿ ಓದದ ರಜಾಕಾಲವೇ ಇರಲಿಲ್ಲ ಎನಿಸುತ್ತದೆ.

ಹಲಗೆ ಹಿಡಿದು ಬಂದ ಸ್ವಾಮಿ

ಕಡಲೆಂದರೆ ಹೆದರಿಕೆ ಎಂಬ ಭಾವನೆ ಸಡಿಲವಾದದ್ದರಲ್ಲಿ ಮೂಲ್ಕಿಯ ಪಾತ್ರ ದೊಡ್ಡದು. ಅಮೆರಿಕದಿಂದ ಬಂದು ಇಲ್ಲಿ ಆಶ್ರಮ ಕಟ್ಟಿದ ಜಾಕ್ ಹೆಬ್ನರ್, ‘ಸರ್ಫಿಂಗ್ ಸ್ವಾಮಿ’ ಎಂದೇ ಹೆಸರಾದವರು. 2004ರಲ್ಲಿ ಅವರು ಹುಟ್ಟುಹಾಕಿದ ಮಂತ್ರ ಸರ್ಫ್ ಕ್ಲಬ್, ಅಲೆಯ ಮೇಲೆ ಹಲಗೆ ಹಾಕಿ ನಿಲ್ಲುವುದನ್ನು ಊರ ಹುಡುಗರಿಗೆ ಕಲಿಸಿತು. ಶಾಂಭವಿ ನದಿಯ ನಿಂತ ನೀರಿನಲ್ಲಿ ಹಲಗೆ ಮೇಲೆ ನಿಂತು ಹುಟ್ಟುಹಾಕುವುದು ಆರಂಭದ ಪಾಠ, ಅಲೆಯ ಪಾಠ ಆಮೇಲೆ. ಇದೇ ನೀರಿನಲ್ಲಿ ಕಲಿತ ತನ್ವಿ ಜಗದೀಶ್ ಹಲಗೆ ಮೇಲೆ ನಿಂತು ಹುಟ್ಟುಹಾಕುವ ಸ್ಪರ್ಧೆಗಳಲ್ಲಿ ಭಾರತವನ್ನು ಪ್ರತಿನಿಧಿಸಿದರು. 2016ರಲ್ಲಿ ನಂದಿನಿ, ಶಾಂಭವಿ ನದಿಗಳು ಕಡಲು ಸೇರುವ ಸಸಿಹಿತ್ಲುವಿನಲ್ಲಿ ಇಂಡಿಯನ್ ಓಪನ್ ಆಫ್ ಸರ್ಫಿಂಗ್ ನಡೆಯಿತು. ಹೆಣ್ಣುಮಗಳೊಬ್ಬಳು ಅಲೆಯೇರಿ ನಿಂತದ್ದನ್ನು ಕಂಡ ಮೇಲೆ, ‘ನೀರಿಗಿಳಿಯಬೇಡ’ ಎನ್ನುತ್ತಿದ್ದ ತಾಯಂದಿರು ‘ಕಲಿತು ಇಳಿ’ ಎನ್ನತೊಡಗಿದರು.

ನೀಲಿ ಬಾವುಟ

ಪಡುಬಿದ್ರಿಯ ಕಥೆ ತಿರುವು ಪಡೆದದ್ದು ಒಂದು ಬಾವುಟದಿಂದ. ಬ್ಲೂ ಫ್ಲ್ಯಾಗ್ ಎಂಬ ಈ ಮನ್ನಣೆ 1985ರಲ್ಲಿ ಫ್ರಾನ್ಸಿನಲ್ಲಿ ಆರಂಭವಾಗಿ, 1987ರಲ್ಲಿ ಯುರೋಪಿನ ಇತರ ದೇಶಗಳಿಗೆ ಹಬ್ಬಿತು. ಡೆನ್ಮಾರ್ಕಿನ ಕೋಪನ್‌ಹೇಗನ್‌ನಲ್ಲಿರುವ ಪರಿಸರ ಶಿಕ್ಷಣ ಪ್ರತಿಷ್ಠಾನ ಇದನ್ನು ಕೊಡುತ್ತದೆ. ಪರಿಸರದ ಅರಿವು, ನೀರಿನ ಗುಣಮಟ್ಟ, ನಿರ್ವಹಣೆ, ಸುರಕ್ಷತೆ ಎಂಬ ನಾಲ್ಕು ತಲೆಬರಹಗಳಡಿ 33 ಷರತ್ತುಗಳಿವೆ. ನೂರು ಮಿಲಿಲೀಟರ್ ನೀರಿನಲ್ಲಿ ಇ-ಕೊಲೈ ಬ್ಯಾಕ್ಟೀರಿಯಾ 250ರ ಮಿತಿ ದಾಟಬಾರದು. ಜೀವರಕ್ಷಕರು, ಪ್ರಥಮ ಚಿಕಿತ್ಸೆ, ಕುಡಿಯುವ ನೀರು, ಶೌಚಾಲಯ, ಗಾಲಿಕುರ್ಚಿ ಸಾಗುವ ದಾರಿ ಇರಬೇಕು. ಮನ್ನಣೆ ಒಂದು ವರ್ಷಕ್ಕೆ ಮಾತ್ರ, ಮರುವರ್ಷ ಮತ್ತೆ ಪರೀಕ್ಷೆ.

ಕೇಂದ್ರ ಪರಿಸರ ಸಚಿವಾಲಯ 2017ರ ಡಿಸೆಂಬರ್‌ನಲ್ಲಿ ನಮ್ಮ ತೀರಗಳಿಗೂ ಈ ಮನ್ನಣೆ ತರುವ ಕೆಲಸಕ್ಕೆ ಕೈಹಾಕಿತು. 2020ರ ಅಕ್ಟೋಬರ್‌ನಲ್ಲಿ ದೇಶದ ಎಂಟು ಕಡಲತೀರಗಳಿಗೆ ಒಟ್ಟಿಗೇ ಬಾವುಟ ಸಿಕ್ಕಿತು. ಅವುಗಳಲ್ಲಿ ಎರಡು ನಮ್ಮವು: ಉಡುಪಿ ಜಿಲ್ಲೆಯ ಪಡುಬಿದ್ರಿ ಮತ್ತು ಉತ್ತರ ಕನ್ನಡದ ಹೊನ್ನಾವರ ಬಳಿಯ ಕಾಸರಕೋಡು. ಕಾಮಿನಿ ನದಿ ಕಡಲು ಸೇರುವ ಎಂಡ್ ಪಾಯಿಂಟ್‌ನಲ್ಲಿ ಬಟ್ಟೆ ಬದಲಿಸುವ ಕೋಣೆ, ಸ್ನಾನಗೃಹ, ಮಕ್ಕಳ ಆಟದ ಜಾಗ, ಈಜಲು ಗುರುತು ಹಾಕಿದ ನೀರು ಬಂದವು.

ಹೊರಗಿನವರು ಬಾವುಟವನ್ನು ಹೊಗಳುತ್ತಾರೆ. ನಾನು ಹೊಗಳುವುದು ಬಾಗಿಲು ಹಾಕಿಕೊಳ್ಳಬಹುದಾದ ಶೌಚಾಲಯವನ್ನು ಮತ್ತು ಗೋಪುರದ ಮೇಲಿಂದ ಸೀಟಿ ಊದುವ ಆ ಜೀವರಕ್ಷಕ ಹುಡುಗನನ್ನು. ನನ್ನ ಸೋದರತ್ತೆ ಈಗ ದಡಕ್ಕೆ ಬಂದು ನೀರು ಕುಡಿಯುತ್ತಾರೆ. ಕುಟುಂಬಗಳು ಕಡಲಿಗೆ ಬಂದದ್ದು ಹೇಗೆ ಎಂಬ ಪ್ರಶ್ನೆಗೆ ನನ್ನ ಉತ್ತರ ಇಷ್ಟೇ.

ಮಕ್ಕಳ ಜತೆ ಹೋದಾಗ

ಬಾಡಿಗೆ ಆಟಗಳೇ ಬೇಕೆಂದಿಲ್ಲ. ಇಳಿತದ ಹೊತ್ತಿಗೆ ಹೋಗಿ, ಒದ್ದೆ ಮರಳಿನ ಮೇಲೆ ಮಗುವಿನ ಜತೆ ಕುಕ್ಕರಗಾಲಿನಲ್ಲಿ ಕೂತುಕೊಳ್ಳಿ. ಬೆರಳಗಲದ ತೂತಿನ ಸುತ್ತ ರಾಗಿ ಕಾಳಿನಂಥ ಮರಳುಂಡೆಗಳು ಸಾಲಾಗಿ ಹರಡಿರುತ್ತವೆ. ಉಗುರಿನಷ್ಟಗಲದ ಏಡಿಯೊಂದು ಮರಳನ್ನು ಬಾಯಿಗೆ ತುಂಬಿಕೊಂಡು, ಅದರಲ್ಲಿರುವ ಆಹಾರವನ್ನಷ್ಟೇ ಸೋಸಿ, ಉಳಿದ ಮರಳನ್ನು ಉಂಡೆ ಕಟ್ಟಿ ಹಿಂದೆ ಎಸೆಯುತ್ತದೆ. ನೆರಳು ಬಿದ್ದೊಡನೆ ತೂತಿಗೆ ನುಗ್ಗುತ್ತದೆ. ಅಲುಗಾಡದೆ ಎರಡು ನಿಮಿಷ ಕಾದರೆ ಮತ್ತೆ ಇಣುಕುತ್ತದೆ. ಎರಡು ನಿಮಿಷ ಸುಮ್ಮನಿರುವುದನ್ನು ಮಗುವಿಗೆ ಏಡಿ ಕಲಿಸಿದಷ್ಟು ಚೆನ್ನಾಗಿ ಯಾರೂ ಕಲಿಸಲಾರರು. ಮುಂದಿನ ಉಬ್ಬರ ಬಂದು ಆ ಚಿತ್ತಾರವನ್ನೆಲ್ಲ ಅಳಿಸುತ್ತದೆ. ದಿನಕ್ಕೆ ಎರಡು ಉಬ್ಬರ, ಎರಡು ಇಳಿತ, ದಿನದಿಂದ ದಿನಕ್ಕೆ ಸುಮಾರು ಐವತ್ತು ನಿಮಿಷ ತಡ: ಚಂದ್ರನ ಲೆಕ್ಕ ಕಲಿಸಲೂ ಇದು ಒಳ್ಳೆಯ ಶಾಲೆ.

ಪಡುಬಿದ್ರಿಯಿಂದ ಉತ್ತರಕ್ಕೆ ಸ್ವಲ್ಪ ದೂರ ಸಾಗಿದರೆ ಬಂಡೆಯ ಮೇಲೆ 1901ರಲ್ಲಿ ಕಟ್ಟಿದ ಕಾಪು ದೀಪಸ್ತಂಭವಿದೆ. ಇನ್ನೂ ಮುಂದೆ ಮಲ್ಪೆ. ಅಲ್ಲಿಂದ ದೋಣಿಯಲ್ಲಿ ಸೇಂಟ್ ಮೇರಿಸ್ ದ್ವೀಪಗಳಿಗೆ ಹೋಗಬಹುದು. ಲಾವಾ ತಣಿದು ಬಿರಿದು ನಿಂತ ಕಂಬಗಳು ಅಲ್ಲಿವೆ. ಮಡಗಾಸ್ಕರ್ ಭಾರತದಿಂದ ಬೇರ್ಪಟ್ಟ ಕಾಲದ ಸಾಕ್ಷಿಗಳವು. ಕಾಸರಕೋಡಿಗೆ ಹೋದರೆ ಶರಾವತಿಯ ಅಳಿವೆಯಲ್ಲಿ ಮರದ ಹಲಗೆಯ ಮೇಲೆ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನೊಳಗೆ ನಡೆಯಬಹುದು. ತಾಯಿಮರದಲ್ಲಿ ಇರುವಾಗಲೇ ಮೊಳೆತು ನುಗ್ಗೆಕಾಯಿಯಂತೆ ಜೋತುಬಿದ್ದ ಸಸಿಗಳನ್ನು ಮಕ್ಕಳಿಗೆ ತೋರಿಸಿ. ಅದೇ ಊರಿನ ಟೊಂಕದ ಮರಳಿಗೆ ಚಳಿಗಾಲದಲ್ಲಿ ಕಡಲಾಮೆಗಳು ಮೊಟ್ಟೆಯಿಡಲು ಬರುತ್ತವೆ. ಬೇಲಿ ಕಟ್ಟಿದ ಗೂಡು ಕಂಡರೆ ದೂರದಿಂದಲೇ ನೋಡಿ.

ಕಡಲಿಗೂ ರಜೆ

ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ. ಮೀನು ಮೊಟ್ಟೆಯಿಡುವ ಕಾಲವದು. ಮಳೆಗಾಲದ ಕಡಲು ದಡವನ್ನೇ ಕೊರೆದು ಒಯ್ಯುತ್ತದೆ. ಹೊಟ್ಟೆಪಾಡಿಗೆ ಕಡಲನ್ನೇ ನಂಬಿದವರು ದೋಣಿ ಮೇಲೆಳೆದು ಕೂರುವಾಗ, ಮೋಜಿಗೆ ಬಂದ ನಾವು ನೀರಿಗಿಳಿಯುವುದು ಯಾವ ನ್ಯಾಯ? ಮಳೆ ನಿಂತು, ನವರಾತ್ರಿ ಕಳೆದು, ನೀರು ತಿಳಿಯಾದ ಮೇಲೆ ಬನ್ನಿ. ಮೇ ತನಕ ಸಮಯವಿದೆ.

ಬಂದಾಗ ಇದು ಯಾರದೋ ಮನೆಯಂಗಳ ಎಂಬುದನ್ನು ಮರೆಯಬೇಡಿ. ಬಲೆ ಹರವಿದ ಕಡೆ ತುಳಿಯಬೇಡಿ. ಎಳೆಯುವವರು ಕರೆದರೆ ಹಗ್ಗಕ್ಕೆ ಕೈಹಚ್ಚಿ, ಮಕ್ಕಳಿಗೂ ಹಚ್ಚಲು ಹೇಳಿ. ತಂದ ಚೀಲ, ಬಾಟಲಿ ವಾಪಸ್ ಒಯ್ಯಿರಿ. ಸೀಟಿ ಕೇಳಿದೊಡನೆ ನೀರಿನಿಂದ ಹೊರಬನ್ನಿ, ಆ ಸೀಟಿಯ ಹಿಂದೆ ಕಡಲನ್ನು ಬಲ್ಲವನೊಬ್ಬ ಇದ್ದಾನೆ. ಮಕ್ಕಳಿಗೆ ಅಜ್ಜಿಯ ಆ ಮಾತನ್ನೂ ಹೇಳಿಕೊಡಿ: ಕಡಲಿಗೆ ಬೆನ್ನು ಹಾಕಬಾರದು.