ಭಂಡಾರರೋಗ: ಹೆಸರು ಮತ್ತು ಬೀಜಾಣು
ಉತ್ತರ ಕರ್ನಾಟಕದ ರೈತರು ಗೋಧಿಯ ತುಕ್ಕುರೋಗವನ್ನು ‘ಭಂಡಾರರೋಗ’ವೆಂದೂ ಕರೆಯುವುದುಂಟು. ಬೆರಳಿಗೆ ಅರಿಶಿನದ ಭಂಡಾರದಂತೆ ಅಂಟುವ ಈ ಹುಡಿ ವಾಸ್ತವವಾಗಿ ಶಿಲೀಂಧ್ರದ ಬೀಜಾಣುಗಳ ರಾಶಿ. ಕಾಂಡತುಕ್ಕಿನಲ್ಲಿ ‘ಯುರೀಡಿನಿಯಮ್’ ಎಂಬ ಬೊಕ್ಕೆಗಳು ಸಸ್ಯದ ಹೊರಪೊರೆಯನ್ನು ಸೀಳಿ ಇಟ್ಟಿಗೆಗೆಂಪಿನ ಬೀಜಾಣುಗಳನ್ನು ಗಾಳಿಗೆ ಬಿಡುತ್ತವೆ. ಬೆಳೆ ಮಾಗುವಾಗ ಅಲ್ಲಿಯೇ ದಪ್ಪಗೋಡೆಯ, ಎರಡು ಕೋಶಗಳ ಕಪ್ಪು ಟೀಲಿಯೋಬೀಜಾಣುಗಳು ಮೂಡುತ್ತವೆ. ಶೀತದೇಶಗಳಲ್ಲಿ ಇವು ಚಳಿಗಾಲ ಕಳೆದು ಮೊಳೆತಾಗ ಹೊಮ್ಮುವ ಸೂಕ್ಷ್ಮ ಬೀಜಾಣುಗಳು ಬಾರ್ಬೆರಿ ಪೊದೆಗೆ ತಗಲುತ್ತವೆ. ಆ ಪೊದೆಯ ಎಲೆಯಡಿಯ ಬಟ್ಟಲುಗಳಲ್ಲಿ ಹುಟ್ಟಿದವು ಮರಳಿ ಗೋಧಿಗೆ ಬರುತ್ತವೆ. ಈ ನಂಟನ್ನು ಡಿ ಬೇರಿ ಪ್ರಯೋಗದಿಂದ ಸ್ಥಾಪಿಸಿದ್ದು 1865ರಲ್ಲಿ. ಅಮೆರಿಕದ ಕನೆಕ್ಟಿಕಟ್ ವಸಾಹತು ಬಾರ್ಬೆರಿಯ ನಾಶಕ್ಕೆ ಕಾಯಿದೆ ತಂದದ್ದು 1726ರಲ್ಲಿ! ಒಕ್ಕಲಿಗರ ಇಂಥ ಅರಿವನ್ನು ಮೂಢನಂಬಿಕೆಯ ಪಟ್ಟಿಗೆ ಸೇರಿಸುವುದು ಸಲ್ಲದು. ಭಾರತದಲ್ಲಿ ಮಾತ್ರ ಬಾರ್ಬೆರಿಯ ಪಾತ್ರ ಗಣನೀಯವಲ್ಲ. ನೀಲಗಿರಿ, ಪಳನಿ ಮುಂತಾದ ಬೆಟ್ಟಗಳಲ್ಲಿ ಉಳಿದ ಕೆಂಪು ಬೀಜಾಣುಗಳೇ ಗಾಳಿಯೊಡನೆ ಬಯಲಿಗಿಳಿಯುತ್ತವೆಂದು ಕೆ.ಸಿ. ಮೆಹ್ತಾ ತೋರಿಸಿಕೊಟ್ಟರು.