ಮೂಗಿಗೆ ಗೊತ್ತಾಗೋ ಹೊತ್ತು: ಸರ್ಬಿಯಾದ ಒಂದು ಮನೆಯ ಪ್ಲಮ್ ಬ್ರಾಂದಿ

ಇವತ್ತಿನ ಸಂಚಿಕೆ ಶುರು ಮಾಡೋ ಮೊದಲೇ ಒಂದು ಮಾತು ಹೇಳಿಬಿಡ್ತೀನಿ. ಇದು ಕುಡಿಯೋದನ್ನ ಹೊಗಳೋ ಮಾತಲ್ಲ. ನಮ್ಮ ಮನೆಯಲ್ಲಿ ಸಾರಾಯಿ ಅನ್ನೋ ಪದವನ್ನ ಯಾರೂ ಜೋರಾಗಿ ಹೇಳ್ತಿರಲಿಲ್ಲ. ನನ್ನ ಸೋದರಮಾವ ಪ್ಯಾಕೆಟ್ ಸಾರಾಯಿ ಚಟಕ್ಕೆ ಬಿದ್ದು, ನಲವತ್ತು ತುಂಬೋ ಮುಂಚೆಯೇ ಹೋಗಿಬಿಟ್ಟರು. 2007ರ ಜುಲೈನಲ್ಲಿ ಕರ್ನಾಟಕದಲ್ಲಿ ಸಾರಾಯಿ ನಿಷೇಧ ಆದ ದಿನ ಅಜ್ಜಿ ದೇವರ ಮುಂದೆ ತುಪ್ಪದ ದೀಪ ಹಚ್ಚಿದ್ದು ನನಗೆ ಚೆನ್ನಾಗಿ ನೆನಪಿದೆ.

ಅಂಥ ಮನೆಯವನು ನಾನು. ಕೆಲಸದ ಮೇಲೆ ಬೆಲ್‌ಗ್ರೇಡ್‌ನಲ್ಲಿದ್ದಾಗ, ಅಲ್ಲಿನ ಸಹೋದ್ಯೋಗಿಯೊಬ್ಬ ಅಕ್ಟೋಬರ್‌ನಲ್ಲಿ ತನ್ನ ಅಜ್ಜನ ಊರಿಗೆ ಕರೆದ. ಪಶ್ಚಿಮ ಸರ್ಬಿಯಾದ ವಾಲ್ಯೆವೊ ಪಟ್ಟಣದಿಂದ ಸ್ವಲ್ಪ ದೂರ, ಗುಡ್ಡದ ಮೇಲಿನ ಹಳ್ಳಿ. "ರಾಕಿಯಾ ಇಳಿಸ್ತಾ ಇದ್ದೀವಿ, ಬಾ" ಅಂದ. ಹೋದೆ.

ರಾಕಿಯಾ ಅಂದ್ರೆ ಬಾಲ್ಕನ್ ನಾಡುಗಳಲ್ಲಿ ಹಣ್ಣಿನಿಂದ ಇಳಿಸೋ ಬ್ರಾಂದಿಗಳಿಗೆಲ್ಲ ಇರೋ ಹೆಸರು. ಏಪ್ರಿಕಾಟ್‌ನದ್ದೂ ಇದೆ, ಪೇರ್ ಹಣ್ಣಿನದ್ದೂ ಇದೆ. ಪ್ಲಮ್ ಹಣ್ಣಿನದಕ್ಕೆ ಶ್ಲಿವೊವಿತ್ಸಾ ಅಂತಾರೆ, 'ಶ್ಲಿವಾ' ಅಂದ್ರೆ ಪ್ಲಮ್. ಈ ರಾಕಿಯಾ ಅನ್ನೋ ಪದದ ಬೇರು ಅರಬ್ಬಿಯ 'ಅರಕ್'. ಅದರರ್ಥ ಬೆವರು. ಹಬೆ ತಣ್ಣಗಾಗಿ ಹನಿಹನಿಯಾಗಿ ಇಳಿಯೋದು ಬೆವರಿನ ಹಾಗೆ ಕಾಣತ್ತೆ, ಅದಕ್ಕೆ. ಅದೇ ಪದ ಟರ್ಕಿಯ ದಾರಿಯಲ್ಲಿ ಸರ್ಬಿಯಾ ಸೇರಿ ರಾಕಿಯಾ ಆಯ್ತು, ಇತ್ತ ನಮ್ಮ ಕಡೆ ಬಂದು ಅರಾಕ್ ಆಯ್ತು. ಅಂದ್ರೆ ನಮ್ಮಜ್ಜಿ ಶಪಿಸ್ತಿದ್ದ ವಸ್ತುವಿಗೂ ಆ ಗುಡ್ಡದ ಮನೆಯವರು ದೇವರ ಹಬ್ಬಕ್ಕೆ ಇಡೋ ವಸ್ತುವಿಗೂ ಹೆಸರು ಒಂದೇ. ಇದು ಗೊತ್ತಾದಾಗ ನನಗೆ ಸ್ವಲ್ಪ ಕಸಿವಿಸಿ ಆಗಿದ್ದು ಸುಳ್ಳಲ್ಲ.

ದೇವರ ಹಬ್ಬ ಅಂದ್ನಲ್ಲ, ಅದಕ್ಕೆ 'ಸ್ಲಾವಾ' ಅಂತಾರೆ. ಒಂದೊಂದು ಮನೆತನಕ್ಕೂ ಒಬ್ಬೊಬ್ಬ ಸಂತ, ನಮ್ಮ ಮನೆದೇವರ ಹಾಗೆ. ಆ ಸಂತನ ದಿನ ಬೇಯಿಸಿದ ಗೋಧಿ, ವಿಶೇಷ ರೊಟ್ಟಿ, ಮೇಣದ ಬತ್ತಿ, ಜೊತೆಗೆ ಬಂದವರಿಗೆಲ್ಲ ರಾಕಿಯಾ. ಸ್ಲಾವಾ ಆಚರಣೆಯನ್ನ ಯುನೆಸ್ಕೊ 2014ರಲ್ಲಿ ತನ್ನ ಪರಂಪರೆ ಪಟ್ಟಿಗೆ ಸೇರಿಸಿತು. 2022ರಲ್ಲಿ ಶ್ಲಿವೊವಿತ್ಸಾ ತಯಾರಿಯ ತಿಳಿವಳಿಕೆ ಮತ್ತು ರೂಢಿಗಳೂ ಅದೇ ಪಟ್ಟಿಗೆ ಬಂದವು. ಗಮನಿಸಿ, ಪಟ್ಟಿಗೆ ಸೇರಿದ್ದು ಬಾಟಲಿಯಲ್ಲ, ತಿಳಿವಳಿಕೆ. ಈ ವ್ಯತ್ಯಾಸ ನನಗೆ ಅರ್ಥ ಆಗಿದ್ದು ಆ ರಾತ್ರಿ.

ಯಾಕಂದ್ರೆ ಆ ಮನೆಯಲ್ಲಿ ಒಂದು ಕಷ್ಟ ಎದುರಾಗಿತ್ತು. ಅಜ್ಜನನ್ನ ಅಲ್ಲಿ 'ದೇದಾ' ಅಂತಾರೆ. ಅವರಿಗೆ ಎಂಬತ್ತರ ಮೇಲಾಗಿತ್ತು. ಕೋವಿಡ್ ಬಂದು ಹೋದ ಮೇಲೆ ಅವರಿಗೆ ವಾಸನೆ ಗ್ರಹಿಸೋ ಶಕ್ತಿ ವಾಪಸ್ ಬಂದೇ ಇರಲಿಲ್ಲ. ರಾಕಿಯಾ ಇಳಿಸೋನಿಗೆ ಮೂಗು ಹೋದ್ರೆ ಅಕ್ಕಸಾಲಿಗನಿಗೆ ಕಣ್ಣು ಹೋದ ಹಾಗೆ. ಮಗನಿಗಾದರೂ ಕಲಿಸಿದ್ದರಾ ಅಂದ್ರೆ, ಮಗ ಹದಿನೆಂಟಕ್ಕೇ ದುಡಿಯೋಕೆ ವಿಯೆನ್ನಾಕ್ಕೆ ಹೋದವನು. ಆ ಸೀಮೆಯ ಎಷ್ಟೋ ಮನೆಗಳ ಕಥೆ ಇದೇ. ಉಳಿದವನು ಮೊಮ್ಮಗ, ನನ್ನ ಗೆಳೆಯ, ದಿನವಿಡೀ ಕೋಡ್ ಬರೆಯೋನು.

ಕೆಲಸ ಹೇಗೆ ನಡೆಯತ್ತೆ ಅಂತ ಹೇಳ್ತೀನಿ. ಆಗಸ್ಟ್ ಕೊನೆ, ಸೆಪ್ಟೆಂಬರ್‌ನಲ್ಲಿ ಚೆನ್ನಾಗಿ ಮಾಗಿದ ಪ್ಲಮ್ ಹಣ್ಣು ಉದುರಿಸಿ, ದೊಡ್ಡ ತೊಟ್ಟಿಗೆ ತುಂಬಿ ಹುಳಿಯೋಕೆ ಬಿಡ್ತಾರೆ. ಸಕ್ಕರೆ ಹಾಕೋದು ಅಲ್ಲಿ ಮರ್ಯಾದೆಗೇಡು. ಎರಡು ಮೂರು ವಾರದಲ್ಲಿ ಹಣ್ಣು ಉಕ್ಕಿ, ಆಮೇಲೆ ತಣ್ಣಗಾಗಿ ಕೆಳಗೆ ಕೂರತ್ತೆ. ಈಗ ಅದು 'ಕಜಾನ್'ಗೆ, ಅಂದ್ರೆ ತಾಮ್ರದ ಹಂಡೆಗೆ ಹೋಗಬೇಕು. ಮುಚ್ಚಳದ ಅಂಚಿಗೆ ಹಬೆ ಸೋರದ ಹಾಗೆ ಹಿಟ್ಟು ಕಲಸಿ ಮೆತ್ತುತಾರೆ. ಕೆಳಗೆ ಸೌದೆ ಉರಿ. ಮುಚ್ಚಳದಿಂದ ಹೊರಟ ಕೊಳವೆ ತಣ್ಣೀರಿನ ಪೀಪಾಯಿಯೊಳಗೆ ಸುತ್ತಿ ಆಚೆ ಬರತ್ತೆ. ತಳ ಸೀದರೆ ಇಡೀ ಹಂಡೆ ಹಾಳು, ಹಾಗಾಗಿ ಹಿಡಿಕೆ ತಿರುಗಿಸ್ತಾ ಇರಬೇಕು. ನನಗೆ ಕೊಟ್ಟ ಕೆಲಸ ಅದೇ. ಬೇರೇನೂ ನಂಬಿ ಕೊಡೋ ಹಾಗಿರಲಿಲ್ಲ ಅನ್ಸತ್ತೆ.

ಮೊದಲ ಸಲ ಇಳಿಯೋದು 'ಮೆಕಾ', ಮೆತ್ತಗಿನ ರಾಕಿಯಾ. ಅದನ್ನೆಲ್ಲ ಒಟ್ಟು ಮಾಡಿ ಎರಡನೇ ಸಲ ಬಟ್ಟಿ ಇಳಿಸಿದ್ರೆ 'ಪ್ರೆಪೆಚೆನಿತ್ಸಾ', ಖಡಕ್ಕಾದದ್ದು. ಒಂದು ಲೀಟರ್‌ಗೆ ಸುಮಾರು 10 ಕೆ.ಜಿ. ಹಣ್ಣು ಬೇಕು. ಅಸಲಿ ಪರೀಕ್ಷೆ ಇರೋದು ಈ ಎರಡನೇ ಸಲದಲ್ಲಿ. ಮೊದಮೊದಲು ಬರೋ ಹನಿಗಳಿಗೆ ನೇಲ್ ಪಾಲಿಶ್ ತರಹದ ಘಾಟು. ಅದನ್ನ ಬೇರೆ ಸೀಸೆಗೆ ಹಿಡಿದಿಡ್ತಾರೆ, ಕೈಕಾಲು ತಿಕ್ಕೋಕೆ ಆಗತ್ತೆ, ಕುಡಿಯೋಕಲ್ಲ. ನಡುವೆ ಬರೋದು ಒಳ್ಳೇದು, ಪ್ಲಮ್ಮಿನ ಘಮ ಇರೋದು ಅದರಲ್ಲೇ. ಕೊನೆಗೆ ಬರೋದು 'ಪಟೋಕಾ', ಒದ್ದೆ ಬಟ್ಟೆ ಮುಗ್ಗಿದ ಹಾಗೆ ನಾರತ್ತೆ. ಅದು ಒಳ್ಳೇದರ ಜೊತೆ ಸೇರಿತೋ, ವರ್ಷದ ಬೆಳೆಯೇ ಕೆಟ್ಟ ಹಾಗೆ.

ಇಲ್ಲೊಂದು ತಪ್ಪು ತಿಳಿವಳಿಕೆ ಇದೆ. ಮೊದಲು ಬಂದದ್ದನ್ನ ತೆಗೆದುಬಿಟ್ರೆ ಮೆಥನಾಲ್ ವಿಷ ಪೂರ್ತಿ ಹೋಗತ್ತೆ ಅಂತ ಬಹಳ ಜನ ನಂಬ್ತಾರೆ. ಹಾಗಲ್ಲ. ಹಣ್ಣಿನ ಪೆಕ್ಟಿನ್‌ನಿಂದ ಹುಟ್ಟೋ ಅಲ್ಪ ಮೆಥನಾಲ್ ಶುರುವಿನಿಂದ ಕೊನೆಯವರೆಗೂ ಹಂಚಿಕೊಂಡೇ ಬರತ್ತೆ. ಜನರನ್ನ ಕೊಲ್ಲೋ ಕಳ್ಳಭಟ್ಟಿ ದುರಂತಗಳಲ್ಲಿ ಹೆಚ್ಚಾಗಿ ಕಾರಣ, ಹೊರಗಿನಿಂದ ತಂದು ಬೆರೆಸಿದ ಕೈಗಾರಿಕಾ ಮೆಥನಾಲ್. ಅಂದಹಾಗೆ, ನಮ್ಮ ರಾಜ್ಯದಲ್ಲಿ ಮನೆಯಲ್ಲಿ ಬಟ್ಟಿ ಇಳಿಸೋದು ಅಪರಾಧ. ಕೇಳಿಸಿಕೊಂಡು ಯಾರೂ ಹಂಡೆ ಹುಡುಕೋಕೆ ಹೋಗಬೇಡಿ.

ಸರಿ, ಆ ರಾತ್ರಿಗೆ ಬರೋಣ. ಗೆಳೆಯ ನಗರದಿಂದ ಡಿಜಿಟಲ್ ಥರ್ಮಾಮೀಟರ್, ಆಲ್ಕೋಹಾಲ್ ಅಳೆಯೋ ಗಾಜಿನ ಕೊಳವೆ ಎಲ್ಲ ತಂದಿದ್ದ. ದೇದಾಗೆ ಆ ಕೊಳವೆ ಗೊತ್ತು. ಅವರ ಲೆಕ್ಕ 'ಗ್ರಾದ್'ನಲ್ಲಿ, 20 ಗ್ರಾದ್ ಅಂದ್ರೆ ಸುಮಾರು ಶೇ 50ರಷ್ಟು ಆಲ್ಕೋಹಾಲ್. "ಅದು ಎಷ್ಟು ಖಾರ ಅಂತ ಹೇಳತ್ತೆ ಕಣೋ, ಒಳ್ಳೇದೋ ಕೆಟ್ಟದೋ ಅಂತ ಹೇಳಲ್ಲ" ಅಂದರು. ನಿಜವೇ. ಯಾವ ಹನಿಗೆ ನಿಲ್ಲಿಸಬೇಕು ಅನ್ನೋದು ಹಣ್ಣಿನ ಮೇಲೆ, ಉರಿಯ ಮೇಲೆ, ಆ ವರ್ಷದ ಮಳೆಯ ಮೇಲೆ ನಿಂತಿದೆ.

ಆ ವರ್ಷ ಹಣ್ಣೂ ಬೇರೆ ಆಗಿತ್ತು. ಅವರ ಹಳೇ ತೋಟದಲ್ಲಿ ಇದ್ದದ್ದು 'ಪೊಝೆಗಾಚಾ' ತಳಿ, ಸಣ್ಣ ಹಣ್ಣು, ಸಿಹಿ ಜಾಸ್ತಿ. ಅದಕ್ಕೆ 'ಶಾರ್ಕಾ' ಅನ್ನೋ ವೈರಸ್ ರೋಗ ಬಡಿಯತ್ತೆ. ಗಿಡಹೇನು ಹರಡತ್ತೆ, ಕಸಿ ಕಡ್ಡಿಯಲ್ಲೂ ಬರತ್ತೆ, ಔಷಧಿ ಇಲ್ಲ. ಹಣ್ಣು ಮಾಗೋ ಮುಂಚೆಯೇ ಉದುರಿ ಹೋಗತ್ತೆ. ಸರ್ಬಿಯಾದ ಪೊಝೆಗಾಚಾ ತೋಟಗಳು ಸೊರಗಿದ್ದು ಮುಖ್ಯವಾಗಿ ಇದರಿಂದ. ಚಾಚಾಕ್ ಪಟ್ಟಣದ ಹಣ್ಣು ಸಂಶೋಧನಾ ಸಂಸ್ಥೆಯವರು ರೋಗ ತಾಳಿಕೊಳ್ಳೋ 'ಚಾಚಾನ್ಸ್ಕಾ ರೊದ್ನಾ' ತಳಿ ಬೆಳೆಸಿದರು, ದೇದಾ ಕೂಡ ಅದನ್ನೇ ನೆಟ್ಟರು. "ಚೆನ್ನಾಗಿ ಬಿಡತ್ತೆ, ಆದ್ರೆ ಪೊಝೆಗಾಚಾ ಅಲ್ಲ" ಅಂತ ಮೂರು ಸಲ ಹೇಳಿದರು.

ರಾತ್ರಿ ಹತ್ತೂವರೆ ಹೊತ್ತಿಗೆ ಧಾರೆ ಸಣ್ಣಗಾಯ್ತು. ಗೆಳೆಯ ಅಂಗೈಗೆ ಹನಿ ಬಿಟ್ಟುಕೊಂಡು ಉಜ್ಜಿ ಮೂಸಿದ. ಮತ್ತೆ ಮೂಸಿದ. "ಈಗ?" ಅಂತ ಅಜ್ಜನ ಮುಖ ನೋಡಿದ. ದೇದಾ ತಾವೂ ಅಂಗೈ ಮೂಸಿ, ಏನೂ ಹೇಳದೆ ಕೈ ಒರೆಸಿಕೊಂಡರು. ನಾನು ಹಿಡಿಕೆ ಬಿಟ್ಟು ನಿಂತಿದ್ದೆ. ಎರಡನೇ ಸಲಕ್ಕೆ ಅದನ್ನ ತಿರುಗಿಸೋ ಅಗತ್ಯವೂ ಇರಲಿಲ್ಲ, ಯಾರೂ ಹೇಳಿರಲಿಲ್ಲ ಅಷ್ಟೇ.

ಆಗ ಅಜ್ಜಿ ಊಟದ ತಟ್ಟೆ ಹಿಡಿದು ಬಂದರು. ಅಜ್ಜಿಗೆ ಅಲ್ಲಿ 'ಬಾಬಾ' ಅಂತಾರೆ, ನಮಗೆ ಕೇಳೋಕೆ ತಮಾಷೆ. ತಟ್ಟೆ ಕೆಳಗಿಡದೆ, ಮೊಮ್ಮಗನ ಅಂಗೈ ಎಳೆದು ಮೂಸಿ, "ಇನ್ನೂ ಇಲ್ಲ" ಅಂದರು. ದೇದಾ, "ನಿನಗೇನು ಗೊತ್ತು?" ಅಂತ ಗೊಣಗಿದರು. "ಐವತ್ತು ವರ್ಷ ಇಲ್ಲಿಗೆ ಊಟ ತಂದವಳು ಯಾರು?" ಅಂದರು ಬಾಬಾ. ಸ್ವಲ್ಪ ಹೊತ್ತಾದ ಮೇಲೆ ಮತ್ತೆ ಮೂಸಿದರು, ಮೊಮ್ಮಗನಿಗೂ ಮೂಸಿಸಿದರು. "ಈ ಅಂಚಿನಲ್ಲಿ ಮುಗ್ಗಲು ಸಿಗ್ತಾ? ಇದೇ. ತೆಗಿ." ಅವನು ಪಾತ್ರೆ ಬದಲಿಸಿದ.

ಇಳಿದದ್ದನ್ನ ಹಿಪ್ಪುನೇರಳೆ ಮರದ ಪೀಪಾಯಿಗೆ ತುಂಬಿದರು. ಹೌದು, ನಮ್ಮ ರೇಷ್ಮೆ ಹುಳುವಿನ ಹಿಪ್ಪುನೇರಳೆಯ ಜಾತಿಯೇ. ಅದರಲ್ಲಿಟ್ಟರೆ ಹೊನ್ನಿನ ಬಣ್ಣ ಬರತ್ತೆ. ದೇದಾ ಸೀಸೆ ಅಲುಗಾಡಿಸಿ, ಗುಳ್ಳೆ ಎಷ್ಟು ಹೊತ್ತು ನಿಲ್ಲತ್ತೆ ಅಂತ ದೀಪಕ್ಕೆ ಹಿಡಿದು ನೋಡಿದರು. ಕಣ್ಣಿನ ಕೆಲಸ ಅವರಿಗಿನ್ನೂ ಉಳಿದಿತ್ತು.

ಆಮೇಲೆ 'ಚೋಕಾನ್' ಬಂತು, ಕತ್ತು ಕಿರಿದಾದ ಪುಟಾಣಿ ಗಾಜಿನ ಸೀಸೆ. ಅದರಲ್ಲಿ ಗುಟುಕರಿಸಬೇಕು, ಗಟಗಟ ಅಲ್ಲ. ಎದುರಿಗಿದ್ದವರ ಕಣ್ಣು ನೋಡಿ 'ಝಿವೆಲಿ' ಅಂತ ತಾಗಿಸಬೇಕು. ಅಲ್ಲಿ ಕುಡಿದು ಹಾಳಾದವರಿಲ್ಲ ಅಂತಲ್ಲ, ಪಕ್ಕದ ತೋಟದವನ ಕಥೆ ಊರಿಗೆಲ್ಲ ಗೊತ್ತಿತ್ತು. ನಾನು ಕೈಯಲ್ಲಿ ಹಿಡಿದುಕೊಂಡೇ ಇದ್ದೆ, ತುಟಿಗೆ ತಾಗಿಸಲಿಲ್ಲ. ಯಾಕೆ ಅಂತ ಬಾಬಾ ಕೇಳಿದರು. ಮಾವನ ವಿಷಯ ಹೇಳಿದೆ, ಗೆಳೆಯ ಅನುವಾದ ಮಾಡಿದ.

ಯಾರೂ ಒತ್ತಾಯ ಮಾಡಲಿಲ್ಲ. ಹೋದವರ ಹೆಸರಲ್ಲಿ ಕುಡಿಯುವಾಗ ಅಲ್ಲಿ ಗ್ಲಾಸ್ ತಾಗಿಸೋ ಹಾಗಿಲ್ಲವಂತೆ. ದೇದಾ ನನ್ನ ಚೋಕಾನ್ ತಗೊಂಡು, ಕೆಲವು ಹನಿ ನೆಲಕ್ಕೆ ಬಿಟ್ಟು, ಮಾವನ ಹೆಸರೇನು ಅಂತ ಕೇಳಿದರು. ಹೇಳಿದೆ. ಅವರಿಗೆ ಉಚ್ಚಾರ ಬರಲಿಲ್ಲ. ಎರಡು ಸಲ ಪ್ರಯತ್ನ ಮಾಡಿದರು. ಆಮೇಲೆ ತಟ್ಟೆ ಮುಂದಕ್ಕೆ ಸರಿಸಿ, ಊಟ ಮಾಡು ಅಂದರು.