ಕಾಕಾನ ಕಾರಿನ ಬಾಸ್ ಎಲ್ಲಿ ಹೋಯ್ತು?

"ಏ ತಮ್ಮಾ, ನೀ ಸೈನ್ಸ್ ಮಾಸ್ತರ ಅಲ್ಲೇನ? ನನ್ನ ಗಾಡಿ ಬಾಸ್ ಯಾಕ ಸಣ್ಣ ಆಗೇತಿ, ಹೇಳು ನೋಡೂಣು."

ದೀಪಾವಳಿ ರಜೆಗೆ ಅಕ್ಕಲಕೋಟ ಕಡೆಯ ನಮ್ಮ ಊರಿಗೆ ಹೋದಾಗ ಕಾಕಾ ಕೇಳಿದ ಪ್ರಶ್ನೆ ಇದು. ಅವನ ಹಳೆಯ ಕಾರಿನ ಡಿಕ್ಕಿಯೊಳಗೆ ಎರಡು ಸಬ್‌ವೂಫರ್ ಡಬ್ಬಿಗಳಿವೆ, ಒಂದು ಆಂಪ್ಲಿಫೈಯರ್ ಇದೆ. ಮೊದಲು ಡೋಲಿನ ಪೆಟ್ಟು ಬಿದ್ದರೆ ಎದೆ ನಡುಗುತ್ತಿತ್ತು. ಈಗ ಹಾಡುವವರ ದನಿ ಚೆನ್ನಾಗೇ ಕೇಳುತ್ತದೆ, ಡೋಲು ಮಾತ್ರ ಪಕ್ಕದ ಓಣಿಯಲ್ಲಿ ಬಾರಿಸಿದಂತೆ! ಆಂಪ್ಲಿಫೈಯರ್ ಸತ್ತಿದೆ, ಸೊಲ್ಲಾಪುರಕ್ಕೆ ಹೋಗಿ ಹೊಸದು ತರಬೇಕು ಅಂತ ಕಾಕಾ ದುಡ್ಡು ತೆಗೆದಿಟ್ಟಿದ್ದ. ಉಳ್ಳಾಗಡ್ಡಿ ಮಾರಿ ಬಂದ ದುಡ್ಡು.

ನೀವಾಗಿದ್ದರೆ ಮೊದಲು ಏನು ನೋಡ್ತಿದ್ರಿ? ನಾನು ಕಾಕಾನ ಕಿವಿ ನೋಡಿದೆ. ನಗಬೇಡಿ. "ಮೊದಲಿಗಿಂತ ಸಣ್ಣ" ಅಂತ ಹೇಳುತ್ತಿರೋದು ಕಿವಿ ತಾನೇ? ಡಿಜೆ ಮುಂದೆ ಎರಡು ತಾಸು ನಿಂತು ಬಂದರೆ ಕಿವಿ ಗುಂಯ್ ಅನ್ನುತ್ತದೆ, ಎಲ್ಲ ಸದ್ದೂ ಹತ್ತಿ ತುರುಕಿದಂತೆ ಕೇಳುತ್ತದೆ. ಒಳಕಿವಿಯ ಸೂಕ್ಷ್ಮ ರೋಮಕೋಶಗಳು ದಣಿದಿರುತ್ತವೆ. ಬಹಳ ಸಲ ಮರುದಿನಕ್ಕೆ ಸರಿಹೋಗುತ್ತದೆ, ಆದರೆ ಸತ್ತ ಕೋಶ ಮತ್ತೆ ಹುಟ್ಟೋದಿಲ್ಲ. ಆದರೆ ಕಾಕಾನಿಗಷ್ಟೇ ಅಲ್ಲ, ನನಗೂ ಕಾಕೂಗೂ ಬಾಸ್ ಸಣ್ಣದೇ ಕೇಳಿತು. ಹಾಗಾಗಿ ಕಿವಿ ನಿರಪರಾಧಿ.

ಎರಡನೆಯ ಪ್ರಶ್ನೆ: ಚೆನ್ನಾಗಿದ್ದಾಗಿನಿಂದ ಈವರೆಗೆ ಏನೇನು ಬದಲಾಯ್ತು? "ಏನೂ ಇಲ್ಲ" ಅಂದ ಕಾಕಾ. ಎಲ್ಲರೂ ಹಾಗೇ ಅನ್ನುತ್ತಾರೆ. ಸ್ವಲ್ಪ ಹೊತ್ತಾದ ಮೇಲೆ ಕಾಕೂ ನೆನಪಿಸಿದಳು: ಉಳ್ಳಾಗಡ್ಡಿ ಚೀಲ ಹಾಕೋಕೆ ಡಬ್ಬಿ ಎರಡೂ ತೆಗೆದಿದ್ದ, ಆಮೇಲೆ ತಾನೇ ಜೋಡಿಸಿದ್ದ. ಬಾಸ್ ಸಾಲದು ಅಂತ ಆಂಪ್ಲಿಫೈಯರಿನ ಗೇನ್ ಕೊನೆಯವರೆಗೂ ತಿರುವಿಟ್ಟಿದ್ದ. ಡಿಕ್ಕಿ ತೆರೆದರೆ ಸ್ವಲ್ಪ ಸುಟ್ಟ ವಾಸನೆ ಬೇರೆ. ನನಗೆ ಹೆದರಿಕೆಯಾಯ್ತು. ಗೇನ್ ಅತಿಯಾದರೆ ಆಂಪ್ಲಿಫೈಯರ್ ತರಂಗದ ತುದಿಗಳನ್ನೇ ಕತ್ತರಿಸುತ್ತದೆ, ಸ್ಪೀಕರಿನ ತಂತಿಸುರುಳಿ ಕಾಯುತ್ತದೆ. ಎಲ್ಲಕ್ಕೂ ಮೊದಲು ಗೇನ್ ಪೂರ್ತಿ ಇಳಿಸಿ, ಎಲ್ಲ ಬಂದ್ ಮಾಡಿದೆವು.

ಆಂಪ್ಲಿಫೈಯರಿನ ಗ್ರೌಂಡ್ ತಂತಿಯನ್ನು ಕಾರಿನ ತಗಡಿಗೆ ಬೋಲ್ಟ್ ಮಾಡಿರುತ್ತಾರೆ. ಅಲ್ಲಿ ತುಕ್ಕು! "ಸಿಕ್ತು ಕಳ್ಳ" ಅಂದುಕೊಂಡೆ. ಉಸುಕಿನ ಕಾಗದ ಹಾಕಿ ತಿಕ್ಕಿ, ಬಿಗಿ ಮಾಡಿ, ಗೇನ್ ಮೊದಲಿನ ಗುರುತಿಗೆ ತಂದು ಹಾಡು ಹಾಕಿದೆವು. "ಅಷ್ಟs ಐತಲ್ಲೋ" ಅಂದ ಕಾಕಾ.

ಒಂದು ಕಾಗದ ತೆಗೆದುಕೊಂಡು ಲೆಕ್ಕ ಹಾಕಿದೆ. ನೀವೂ ಹಾಕಿ, ಓಮ್‌ನ ನಿಯಮವಷ್ಟೇ ಸಾಕು. ತುಕ್ಕಿನ ರೋಧ 0.1 ಓಮ್, ಹರಿಯುವ ವಿದ್ಯುತ್ 20 ಆಂಪಿಯರ್ ಅಂತ ಹಿಡಿಯೋಣ. 20 × 0.1 = 2 ವೋಲ್ಟ್ ಅಲ್ಲೇ ನಷ್ಟ. ಇಂಜಿನ್ ಚಾಲೂ ಇರುವಾಗ ಸುಮಾರು 14 ವೋಲ್ಟ್ ಸಿಗುತ್ತದೆ, ಆಂಪ್ಲಿಫೈಯರಿಗೆ ಮುಟ್ಟೋದು 12. ಸಾದಾ ಆಂಪ್ಲಿಫೈಯರಿನ ಸಾಮರ್ಥ್ಯ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಇಳಿಯುವುದರಿಂದ ಕಾಲು ಭಾಗ ಹೋಯ್ತು. ದೊಡ್ಡ ನಷ್ಟ ಅನ್ನಿಸುತ್ತದೆ, ಅಲ್ವಾ? ಡೆಸಿಬೆಲ್‌ನಲ್ಲಿ ಅದು ಸುಮಾರು 1.3 ಮಾತ್ರ! ಸದ್ದು ಅರ್ಧಕ್ಕೆ ಇಳಿದಂತೆ ಕೇಳಬೇಕಾದರೆ ಮಧ್ಯಮ ಸ್ವರಗಳಲ್ಲಿ ಸುಮಾರು 10 ಡೆಸಿಬೆಲ್ ಕಡಿಮೆಯಾಗಬೇಕು, ಅಂದರೆ ಸಾಮರ್ಥ್ಯ ಹತ್ತನೇ ಒಂದು ಭಾಗಕ್ಕೆ ಇಳಿಯಬೇಕು. ಬಾಸ್‌ಗೆ ಇನ್ನೂ ಕಡಿಮೆ ಸಾಕಾಗುತ್ತದೆ, ಆದರೂ 1.3 ಎಲ್ಲಿಗೂ ಸಾಲದು. ತುಕ್ಕು ತೆಗೆದದ್ದು ಒಳ್ಳೆಯದೇ ಆಯ್ತು: ಆ ಒಂದು ಜಾಗದಲ್ಲಿ 40 ವ್ಯಾಟ್ ಶಾಖ ಹುಟ್ಟುತ್ತಿತ್ತು. ಸಾದಾ ಸೋಲ್ಡರಿಂಗ್ ಐರನ್ 25 ವ್ಯಾಟಿನದು, ನೆನಪಿರಲಿ. ಆದರೆ ನಮ್ಮ ಕಳ್ಳ ಅವನಲ್ಲ.

ಹಾಗಾದರೆ ಬಾಸ್ ಮಾತ್ರ ಹೋಗಿ ದನಿ ಉಳಿದದ್ದು ಹೇಗೆ? ಆಗ ತರಂಗದ ಪಾಠ ನೆನಪಾಯ್ತು. ಆಂಪ್ಲಿಫೈಯರ್ ಬಂದ್ ಮಾಡಿ, ಎರಡರಲ್ಲಿ ಒಂದು ಸಬ್‌ವೂಫರಿನ ತಂತಿ ಬಿಚ್ಚಿ, ಮತ್ತೆ ಹಾಡು ಹಾಕಿದೆ.

ಬಾಸ್ ಜೋರಾಯ್ತು! ಎರಡಕ್ಕಿಂತ ಒಂದೇ ಜೋರು. ಕಾಕಾ ಬಾಯಿ ತೆರೆದು ನಿಂತ.

ಕಾಕಾ ಒಂದು ಡಬ್ಬಿಗೆ ಪ್ಲಸ್-ಮೈನಸ್ ಅದಲು ಬದಲು ಮಾಡಿದ್ದ. ಒಂದರ ಶಂಕು ಹೊರಗೆ ತಳ್ಳುವಾಗ ಇನ್ನೊಂದರದು ಒಳಗೆ ಎಳೆಯುತ್ತಿತ್ತು. ಒಂದು ಗಾಳಿಯನ್ನು ಒತ್ತಿದರೆ ಇನ್ನೊಂದು ಸಡಿಲಿಸುತ್ತದೆ, ಕೂಡಿದರೆ ಹೆಚ್ಚುಕಡಿಮೆ ಸೊನ್ನೆ. ಬಾವಿಯ ಹಗ್ಗಕ್ಕೆ ಇಬ್ಬರು ಎದುರುಬದುರು ನಿಂತು ಜಗ್ಗಿದಂತೆ. ಶಬ್ದದ ವೇಗ ಸೆಕೆಂಡಿಗೆ ಸುಮಾರು 340 ಮೀಟರ್. 50 ಹರ್ಟ್ಜ್ ಬಾಸ್‌ನ ತರಂಗದೂರ 340 ÷ 50 = 6.8 ಮೀಟರ್, ಅಂದರೆ ಕಾರಿಗಿಂತ ಉದ್ದ! ಅಷ್ಟು ಉದ್ದದ ತರಂಗಕ್ಕೆ ಅಕ್ಕಪಕ್ಕದ ಎರಡು ಡಬ್ಬಿ ಒಂದೇ ಜಾಗದಲ್ಲಿದ್ದಂತೆಯೇ, ಹಾಗಾಗಿ ಒಂದನ್ನೊಂದು ಚೊಕ್ಕವಾಗಿ ಅಳಿಸಿಬಿಡುತ್ತವೆ. ಹಾಡಿನ ದನಿ ಬರೋದು ಬಾಗಿಲಿನ ಬೇರೆ ಸ್ಪೀಕರಿನಿಂದ, ಅದಕ್ಕೆ ಈ ಜಗಳದ ಸುದ್ದಿಯೇ ಇಲ್ಲ. ಕಾಕಾ ಗೇನ್ ಏರಿಸಿದಷ್ಟೂ ಎರಡೂ ಹೆಚ್ಚು ಜೋರಾಗಿ ಪರಸ್ಪರ ಅಳಿಸುತ್ತಿದ್ದವು, ಸುರುಳಿ ಮಾತ್ರ ಕಾಯುತ್ತಿತ್ತು.

ತಂತಿ ತಿರುಗಿಸಿ ಹಾಕಿದೆವು. ಗೇನನ್ನು ಮೂರನೇ ಒಂದು ಭಾಗದಲ್ಲಿಟ್ಟರೂ ಗಾಜು ನಡುಗಿತು. ಅದೇ ಗೇನ್ ಕೊನೆಯಲ್ಲೇ ಬಿಟ್ಟು ತಂತಿ ಸರಿಮಾಡಿದ್ದರೆ ಸ್ಪೀಕರೂ ಕಿವಿಯೂ ಒಟ್ಟಿಗೇ ಹೋಗುತ್ತಿದ್ದವೇನೋ.

ಇದನ್ನು ನೀವು ಶಾಲೆಯಲ್ಲೇ ನೋಡಬಹುದು. ಕೆಟ್ಟ ರೇಡಿಯೋದ ಸ್ಪೀಕರ್ ಒಂದು, 1.5 ವೋಲ್ಟಿನ ಶೆಲ್ ಒಂದು, ಎರಡು ತುಂಡು ತಂತಿ. ಶೆಲ್ಲಿನ ಪ್ಲಸ್ ತುದಿಯನ್ನು ಸ್ಪೀಕರಿನ ಪ್ಲಸ್‌ಗೆ, ಮೈನಸನ್ನು ಮೈನಸ್‌ಗೆ ಒಂದು ಕ್ಷಣ ತಾಗಿಸಿ: ಶಂಕು ಹೊರಕ್ಕೆ ಜಿಗಿಯುತ್ತದೆ. ತಿರುಗಿಸಿ ತಾಗಿಸಿ: ಒಳಕ್ಕೆ ಸರಿಯುತ್ತದೆ. ಕ್ಷಣಮಾತ್ರ ತಾಗಿಸಿ, ಹಾಗೇ ಹಿಡಿದಿಡಬೇಡಿ. ಏನೂ ಅಲುಗದಿದ್ದರೆ ಸುರುಳಿ ತುಂಡಾಗಿರಬಹುದು. ಮಲ್ಟಿಮೀಟರ್ ಇದ್ದರೆ ರೋಧ ಅಳೆಯಿರಿ. 4 ಓಮ್ ಅಂತ ಬರೆದಿರುವ ಸ್ಪೀಕರ್ 3 ಚಿಲ್ಲರೆ ತೋರಿಸುತ್ತದೆ. ಅದು ಯಾಕೆ 4 ಅಲ್ಲ ಅನ್ನೋದನ್ನು ನಿಮ್ಮ ಸರ್‌ನ ಅಥವಾ ಮೇಡಂನ ಕೇಳಿ, ಅವರಿಗೂ ಸ್ವಲ್ಪ ಕೆಲಸ ಸಿಗಲಿ. ಕಾರಿನ ಬ್ಯಾಟರಿಗೆ ಮಾತ್ರ ದೊಡ್ಡವರಿಲ್ಲದೆ ಕೈ ಹಚ್ಚಬೇಡಿ.

ಇನ್ನು ಬಾಸ್ ಮರಳಿ ಬಂದ ಖುಷಿಗೆ ಕಾಕಾ ಪೂರ್ತಿ ಜೋರು ಮಾಡಿಕೊಂಡು ಊರು ಸುತ್ತಿದ. ಕಿವಿ ತಾಳುವ ಲೆಕ್ಕ ಅವನಿಗೆ ಹೇಳಿದ್ದೇನೆ: 85 ಡೆಸಿಬೆಲ್ ಆದರೆ ದಿನಕ್ಕೆ 8 ತಾಸು, 88 ಆದರೆ 4, ಹೀಗೆ ಪ್ರತಿ 3 ಡೆಸಿಬೆಲ್‌ಗೆ ಅರ್ಧ. 100 ಡೆಸಿಬೆಲ್‌ಗೆ ಎಷ್ಟು ನಿಮಿಷ ಅಂತ ನೀವೇ ಲೆಕ್ಕ ಹಾಕಿ. ಕಾಕಾ ಹಾಕಿ ನೋಡಿದ, "ಅಷ್ಟ ಏನೋ?" ಅಂದ, ಉಳ್ಳಾಗಡ್ಡಿ ದುಡ್ಡನ್ನು ಕಾಕೂ ಕೈಗೆ ಕೊಟ್ಟ.